ಕಸ್ತೂರೆಮ್ಮನ ರಂಗಮಂದಿರ

ಗುಂಡದಿನ್ನಿಯ ಕಸ್ತೂರೆಮ್ಮ ಪಂಚಾಯ್ತಿ ಮೆಂಬರ್ ಆದದ್ದು ತನ್ನ ಆಸೆಯಿಂದಲ್ಲ. ವಾರ್ಡು ಹೆಂಗಸರಿಗೆ ಮೀಸಲಾಯಿತು, ಗಂಡ ಪಂಪಾಪತಿ ಅವಳ ಹೆಸರು ಕೊಟ್ಟ, ಅವಳು ಗೆದ್ದಳು. ತವರು ಮರಳಿ ಎಂಬ ಊರು. ಸಣ್ಣವಳಿದ್ದಾಗಿನಿಂದ ಭತ್ತದ ಸಸಿ ಹಚ್ಚಿದ ಕೈ. ಮೆಂಬರ್ ಆದ ಮೇಲೂ ಗದ್ದೆಗೆ ಹೋಗುವುದನ್ನು ಬಿಡಲಿಲ್ಲ. ಸಭೆ ಇದ್ದ ದಿನ ಮಾತ್ರ ಕಾಲಿನ ಕೆಸರು ತೊಳೆದುಕೊಂಡು, ಒಳ್ಳೆಯ ಸೀರೆ ಉಟ್ಟು, ಗಂಡನ ಬೈಕಿನ ಹಿಂದೆ ಕೂತು ಹೋಗುತ್ತಿದ್ದಳು. ಅಲ್ಲಿ ಮಾತಾಡುವವನು ಪಂಪಾಪತಿ, ಕೈ ಎತ್ತುವವಳು ಇವಳು.

ಪಂಪಾಪತಿಗೆ ನಾಟಕದ ಹುಚ್ಚು. ಸುಗ್ಗಿ ಮುಗಿದ ಮೇಲೆ ಊರವರು ಒಂದು ಸಾಮಾಜಿಕ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಗದಗಿನ ಕಡೆಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಗೌಡನ ಪಾತ್ರ ಮಾತ್ರ ಯಾವಾಗಲೂ ಅವನದೇ. ಆಗೆಲ್ಲ ಸ್ಟೇಜು ಅಂದರೆ ಡ್ರಮ್ಮುಗಳ ಮೇಲೆ ಹಾಸಿದ ಬಾಡಿಗೆ ಹಲಗೆ. ಒಂದು ವರ್ಷ ಗೌಡ ಮೀಸೆ ತಿರುವಿ, "ಈ ಊರ ಮಣ್ಣೆಲ್ಲ ನನ್ನ ಕಾಲಾಗ ಐತಿ!" ಎಂದು ಕಾಲು ಅಪ್ಪಳಿಸಿದ. ಹಲಗೆ ಮುರಿದು ಸೊಂಟದವರೆಗೂ ಒಳಗೆ ಇಳಿದ. ಊರಿಗೆ ಊರೇ ನಕ್ಕಿತು. ಹೆಂಗಸರ ನಡುವೆ ಕೂತಿದ್ದ ಕಸ್ತೂರೆಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹಲಗೆಯ ಸಂದಿಯಿಂದ ಏಳುತ್ತಿದ್ದ ಗಂಡ ಅದನ್ನು ನೋಡಿದ.

ಮರುದಿನ ಅವನು ಊಟಕ್ಕೆ ಕೂರಲಿಲ್ಲ. "ಮಂದಿ ನಗಲಿ. ನೀನೂ ನಕ್ಕಿ" ಎಂದಷ್ಟೇ ಹೇಳಿದ. ಆ ಮಾತು ಅವಳಿಗೆ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಆ ವರ್ಷ ಅವಳ ವಾರ್ಡಿಗೆ ಒಂದೇ ದೊಡ್ಡ ಕೆಲಸಕ್ಕೆ ಆಗುವಷ್ಟು ಹಣ ಬಂದಿತ್ತು. ಅದರಲ್ಲಿ ರಂಗಮಂದಿರ ಕಟ್ಟಿಸಬೇಕೆಂದು ಪಂಪಾಪತಿ ಪಟ್ಟು ಹಿಡಿದಿದ್ದ. ಸಭೆಯಲ್ಲಿ ಶಾಲೆಯ ಹೆಡ್ ಟೀಚರ್ ಅನ್ನಪೂರ್ಣ ಎದ್ದು ನಿಂತರು.

"ಹೆಣ್ಣುಮಕ್ಕಳಿಗೆ ಪಾಯಖಾನಿ ಕಟ್ಟಿಸ್ಕೊಡ್ರಿ. ಈಗಿಂದಕ್ಕ ಬಾಗಲಿಲ್ಲ, ಮ್ಯಾಲ ತಗಡಿಲ್ಲ. ನಾಕು ಗೋಡಿ ಅಷ್ಟ ಅದಾವು."

"ಅದಕ್ಕ ಮುಂದಿನ ವರ್ಷ ಬ್ಯಾರೆ ಸ್ಕೀಮು ಬರತೈತ್ರಿ ಟೀಚರ. ರಂಗಮಂದಿರ ಅಂದ್ರ ಊರಿನ ಮರ್ಯಾದಿ" ಎಂದ ಪಂಪಾಪತಿ.

ಅಧ್ಯಕ್ಷರು ಎಂದೂ ಇಲ್ಲದೆ ಅವಳ ಕಡೆ ತಿರುಗಿದರು. "ವಾರ್ಡು ನಿಮ್ಮದು. ನೀವು ಏನಂತೀರಿ ಕಸ್ತೂರೆಮ್ಮಾರ?"

ಟೀಚರು ಅವಳನ್ನೇ ನೋಡುತ್ತಿದ್ದರು. ಗಂಡ ನೆಲ ನೋಡುತ್ತಿದ್ದ. "ರಂಗಮಂದಿರ ಆಗಲ್ರಿ" ಎಂದು ಅವಳು ಕೈ ಎತ್ತಿದಳು.

ಶಾಲೆಯ ಬಯಲಿನಲ್ಲೇ ಕೆಲಸ ಶುರುವಾಯಿತು. ಕಂಬ ಎದ್ದವು, ಮೇಲೆ ಸ್ಲ್ಯಾಬು ಬಿತ್ತು. ಹಿಂದೆ ಬಣ್ಣ ಹಚ್ಚಿಕೊಳ್ಳುವ ಖೋಲಿಗೆ ಜಾಗ ಸಾಲಲಿಲ್ಲ. ಗುತ್ತಿಗೆದಾರ ಹುಡುಗಿಯರ ಪಾಯಖಾನೆಯ ಆ ನಾಲ್ಕು ಗೋಡೆಗಳನ್ನು ತೋರಿಸಿ, "ಇವನ್ನ ತಗದ್ರ ಆತು. ಕಲ್ಲೂ ಬುನಾದಿಗೆ ಬರ್ತಾವು" ಎಂದ. ಕೆಲಸದವರಿಗೆ ಚಹಾ ತಂದಿದ್ದ ಕಸ್ತೂರೆಮ್ಮ ಅಲ್ಲೇ ಇದ್ದಳು. "ಹೆಂಗೂ ಮುರದದ್ದ ಐತಲ್ಲ, ತಗೀರಿ" ಎಂದಳು. ಹಾಗೆಂದವಳು ಅವಳೇ. ಗಂಡನಲ್ಲ.

ಹೊಸ ಸ್ಟೇಜಿನ ಮೊದಲ ನಾಟಕದ ದಿನ ಕಲಾವಿದೆ ಶಾಂಭವಿ ಮಧ್ಯಾಹ್ನವೇ ಬಂದಳು. ಹಣ ಮುಗಿದಿದ್ದರಿಂದ ಖೋಲಿಗೆ ಇನ್ನೂ ಬಾಗಿಲು ಬಂದಿರಲಿಲ್ಲ. ಹಾಗಾಗಿ ಊರ ಆ ತುದಿಯಲ್ಲಿದ್ದ ಪಂಪಾಪತಿಯ ಮನೆಯಲ್ಲೇ ಬಣ್ಣ ಹಚ್ಚಿಕೊಳ್ಳಲು ಕೂತಳು. ಎಂಟನೇ ಇಯತ್ತೆ ಓದುವ ಅವನ ಮಗಳು ಲಲಿತಾ ಕನ್ನಡಿ ಹಿಡಿದು ಎದುರಿಗೆ ಕೂತಳು. ಕಸ್ತೂರೆಮ್ಮ ಚಹಾ, ನೀರು ತಂದಳು.

"ಚಹಾ ಬ್ಯಾಡ್ರಿ ಅಕ್ಕಾರ, ನೀರೂ ಬ್ಯಾಡ" ಎಂದಳು ಶಾಂಭವಿ. "ನಾಟಕ ಇದ್ದ ದಿನ ನಾವು ಮಧ್ಯಾಹ್ನದಿಂದ ಏನೂ ಕುಡಿಯಂಗಿಲ್ಲ. ಒಮ್ಮೆ ಸೀರಿ ಉಟ್ಟು ಸ್ಟೇಜಿನ ಹಿಂದ ಕುಂತ್ವಿ ಅಂದ್ರ ಬೆಳಗಾಗೂ ಮಟ ಎಲ್ಲಿ ಹೋಗೂದ್ರಿ? ಸುತ್ತಾ ಗಂಡಸರು."

"ನಾವೂ ಹಂಗರಿ ಅಕ್ಕಾರ" ಎಂದಳು ಲಲಿತಾ. "ಸಾಲಿಗೆ ಹೋಗೂಮುಂದ ನೀರು ಕುಡಿಯಂಗಿಲ್ಲ. ಅಲ್ಲಿ ಹೋಗಿ ಸೈತ ಕುಡಿಯಂಗಿಲ್ಲ."

"ಯಾಕವ್ವಾ?"

"ಇದ್ದ ಗೋಡಿ ಕೆಡವಿ ಸ್ಟೇಜು ಕಟ್ಯಾರಲ್ರಿ. ಕೂಲಿ ಮಾಡೂ ಹುಲಗಮ್ಮನ ಮಗಳಂತೂ ಹೊರಗಾದ ದಿನ ಸಾಲಿಗೇ ಬರತಿದ್ದಿಲ್ಲ. ಈಗ ಪೂರಾ ಬಿಟ್ಟಾಳೇನ, ಕಾಣವಲ್ಲಳು."

ಲಲಿತಾ ಯಾರನ್ನೂ ದೂರಲಿಲ್ಲ. ನಿನ್ನೆ ಮಳೆಯಾಯಿತು ಎಂದು ಹೇಳುವ ದನಿಯಲ್ಲಿ ಹೇಳಿ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದಳು. ಕಸ್ತೂರೆಮ್ಮ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಮಗಳ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. "ಕುಡಿಯಾಕ ಏನಾಗೇತಿ ನಿನಗ?" ಎಂದು ಎಷ್ಟೋ ಸಲ ಬೈದಿದ್ದಳು. ಉರಿಮೂತ್ರವಾಗಿ ಕನಕಗಿರಿ ಡಾಕ್ಟರ ಹತ್ತಿರ ಕರೆದೊಯ್ದಾಗ ಅವರೂ ನೀರು ಕುಡಿಸಿ ಅಂದಿದ್ದರು. ಕೊತ್ತಂಬರಿ ಬೀಜ ನೆನೆಸಿ ಕುಡಿಸಿದ್ದಳು. ಯಾಕೆ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ನಾಟಕಕ್ಕೆ ಮೊದಲು ಕಸ್ತೂರೆಮ್ಮನಿಗೆ ಸನ್ಮಾನವಿತ್ತು. ಶಾಲು ಹೊದಿಸಿ, ಮೈಕು ಕೈಗಿಟ್ಟು, "ಎರಡು ಮಾತು ಆಡ್ರಿ ಮೆಂಬರಮ್ಮಾರ" ಎಂದರು. ಮುಂದಿನ ಸಾಲಿನಲ್ಲಿ ಶಾಲೆಯ ಹುಡುಗಿಯರು ಚಾಪೆ ಹಾಸಿಕೊಂಡು ಕೂತಿದ್ದರು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂತು. "ಎಲ್ಲಾರಿಗೂ ನಮಸ್ಕಾರ" ಎಂದು ಮೈಕು ತಿರುಗಿ ಕೊಟ್ಟಳು. ಚಪ್ಪಾಳೆ ಬಿತ್ತು. ಆ ಶಾಲು ಮೈಮೇಲೆ ಕೆಂಡದಂತೆ ಸುಟ್ಟಿತು ಎಂದು ಅವಳು ಆಮೇಲೆ ಹೇಳುತ್ತಿದ್ದಳು. ಗೌಡ ಗಟ್ಟಿ ನೆಲದ ಮೇಲೆ ಎಷ್ಟು ಜೋರಾಗಿ ಕಾಲು ಅಪ್ಪಳಿಸಿದರೂ ಅವಳು ತಲೆ ಎತ್ತಿ ನೋಡಲಿಲ್ಲ.

ಮರುವಾರ ಶಾಲೆಗೆ ಹೋಗಿ, "ತಪ್ಪು ಮಾಡೀನ್ರಿ ಟೀಚರ" ಎಂದಳು. ಅನ್ನಪೂರ್ಣ ಟೀಚರು ಸಮಾಧಾನದ ಮಾತಾಡಲಿಲ್ಲ.

"ಅವತ್ತು ನಾ ನಿಮ್ಮ ಮಾರೀನ ನೋಡಾಕತ್ತಿದ್ದೆ. ಹೆಣ್ಣುಮಗಳು ಅದಾರ, ಇವರಿಗೆ ತಿಳೀತೈತಿ ಅನ್ಕೊಂಡಿದ್ದೆ. ಗಂಡಸರ ಮ್ಯಾಲ ನನಗ ಸಿಟ್ಟಿದ್ದಿಲ್ಲ ಬಿಡ್ರಿ."

ಮುಂದಿನ ನಾಟಿಯ ದಿನ ಗದ್ದೆಯಲ್ಲಿ ಹುಲಗಮ್ಮ ಅವಳ ಪಕ್ಕಕ್ಕೇ ಸಸಿ ಹಚ್ಚುತ್ತಿದ್ದಳು. ಕೂಲಿಯೇ ಅವಳ ಸಂಸಾರದ ಆಧಾರ. ಕಸ್ತೂರೆಮ್ಮ ಧೈರ್ಯ ಮಾಡಿ, "ಮಗಳು ಸಾಲಿಗೆ ಹೋಗವಲ್ಲಳಂತಲ್ಲ?" ಎಂದಳು.

ಹುಲಗಮ್ಮ ಬಗ್ಗಿದವಳು ಏಳಲಿಲ್ಲ. "ಈಗ ಕೇಳ್ತೀ ಏನ ಮೆಂಬರಮ್ಮಾ? ಹರೇದ ಹುಡುಗಿ, ಬಯಲಾಗ ಎಲ್ಲಿ ಕುಂದ್ರತೈತಿ? ಮನ್ಯಾಗ ಸುಮ್ಮ ಕುಂದ್ರೂದ್ಯಾಕಂತ ಕೂಲಿಗೆ ಕರಕೊಂಡ ಬರಾಕತ್ತೀನಿ. ಅಲ್ಲೇ ಆ ಕಡೀ ಸಾಲಿನ್ಯಾಗ ಅದಾಳ, ನೋಡು."

ಕಸ್ತೂರೆಮ್ಮ ನೋಡಿದಳು. ಹುಡುಗಿಯ ಕೈ ಚುರುಕಾಗಿತ್ತು. ಪಕ್ಕದವರಿಗಿಂತ ಒಂದು ಮಾರು ಮುಂದಿದ್ದಳು. ಕಸ್ತೂರೆಮ್ಮನಿಗೆ ಕೆಸರಿನಲ್ಲೇ ಹೂತು ಹೋಗಬಾರದೇ ಅನ್ನಿಸಿತು.

ಮುಂದಿನ ಗ್ರಾಮಸಭೆಯಲ್ಲಿ ಪಂಪಾಪತಿ ರಂಗಮಂದಿರಕ್ಕೆ ಪರದೆ, ಲೈಟು ಬೇಕೆಂದು ಕೇಳಿದ. ಕಸ್ತೂರೆಮ್ಮ ಎದ್ದು ನಿಂತಳು.

"ಪರದೆ ಬ್ಯಾಡ್ರಿ. ಆ ರೊಕ್ಕದಾಗ ಹಿಂದಿನ ಖೋಲೀನ ಹುಡುಗ್ಯಾರ ಪಾಯಖಾನಿ ಮಾಡ್ರಿ. ಅವರ ಗೋಡಿ ನಾನ ಕೆಡವಿಸೀನಿ, ತಿರುಗಿ ನಾನ ಕೊಡಬೇಕು."

"ಬಣ್ಣ ಹಚ್ಚೋ ಖೋಲಿನ್ಯಾಗ ಪಾಯಖಾನಿ? ತಲಿ ಕೆಟ್ಟೈತೇನ ನಿನಗ?" ಎಂದ ಗಂಡ, ಎಲ್ಲರ ಎದುರಿಗೆ.

"ನೀವು ಕುಂದ್ರಿರಿ. ಮೆಂಬರ್ ನಾ ಅದೀನಿ" ಎಂದಳು.

ಯಾರೋ ನಕ್ಕರು. ಹಿಂದೆ ಕೂತಿದ್ದ ಹೆಂಗಸರು ಮಾತ್ರ ನಗಲಿಲ್ಲ. ಒಬ್ಬೊಬ್ಬರಾಗಿ ಕೈ ಎತ್ತಿದರು. ಕೆಲಸ ಪಾಸಾಯಿತು. ಪಂಪಾಪತಿ ಬಹಳ ದಿನ ಅವಳೊಡನೆ ಮಾತು ಬಿಟ್ಟಿದ್ದ. ಕೆಲಸ ಮುಗಿದು ಬಾಗಿಲೊಂದೇ ಉಳಿದಾಗ ಅವನೇ ಗಂಗಾವತಿಗೆ ಹೋಗಿ, ಒಳಗಿನಿಂದ ಚಿಲಕವಿದ್ದ ಗಟ್ಟಿ ಬಾಗಿಲು ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ಬಂದ. ಗೌಡ ಈಗ ಶಾಲೆಯ ವರಾಂಡದಲ್ಲಿ ಕೂತು ಬಣ್ಣ ಹಚ್ಚಿಕೊಳ್ಳುತ್ತಾನೆ.

ಹುಲಗಮ್ಮನ ಮಗಳು ಶಾಲೆಗೆ ಮರಳಲಿಲ್ಲ. ಕಸ್ತೂರೆಮ್ಮ ಟೀಚರನ್ನೂ ಕರೆದುಕೊಂಡು ಮನೆಗೆ ಹೋಗಿ ಕೇಳಿಕೊಂಡಳು. ಹುಡುಗಿ ಇಬ್ಬರಿಗೂ ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟು, ಗೋಡೆಗೆ ಒರಗಿ ನಿಂತಳು.

"ಇರಲಿ ಬಿಡ್ರಿ ಅತ್ತಿ" ಎಂದಳು. "ನನಗೀಗ ಸಾಲಿ ಮರತೈತಿ."