ಸದ್ದು ತೆಗೆದ ಸೋಬಾನೆ

ನಮ್ಮ ಮನೆಯ ಬೀರುವಿನಲ್ಲಿ, ನನ್ನ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ವಸ್ತುವಿದೆ. ಕಳ್ಳ ಬಂದರೆ ಮೊದಲು ಅದಕ್ಕೇ ಕೈ ಹಾಕುತ್ತಾನೆ, ಅಷ್ಟು ಭದ್ರವಾಗಿ ಇಟ್ಟಿದ್ದೇನೆ. ಆಮೇಲೆ ಎಲ್ಲೋ ನಾಲೆ ಏರಿಯ ಮೇಲೆ ಕೂತು ಗಂಟು ಬಿಚ್ಚಿದಾಗ ಅಂಗೈಯಗಲದ ಕಪ್ಪು ಡಬ್ಬಿ ಕಂಡು, ಅದರೊಳಗೆ ಇರುವುದು ಬರೀ ಹಾಡುಗಳು ಎಂದು ತಿಳಿದು ಅವನ ಮುಖ ಹೇಗಾಗಬಹುದು ಎಂದು ನೆನೆದು ನಾನೊಬ್ಬನೇ ನಕ್ಕಿದ್ದುಂಟು. ನನ್ನ ಹೆಂಡತಿ ನಗುವುದಿಲ್ಲ. "ಕೂಡಿಡೋದು ನೋಡಿದೀನಿ. ಕೇಳೋದು ಮಾತ್ರ ನೋಡಿಲ್ಲ" ಎನ್ನುತ್ತಾಳೆ. ಆ ಡಬ್ಬಿಗೂ ಈಗ ಅವಳ ಸೀರೆಗಳಂತೆಯೇ ನುಸಿಗುಳಿಗೆಯ ವಾಸನೆ ಬಂದಿದೆ.

ಅವಳ ಮಾತು ನಿಜ. ನಾನು ಹಾಡು ಕೇಳುವವನಲ್ಲ, ಕಾಯುವವನು. ಕ್ಯಾಸೆಟ್ಟಿನ ಕಾಲದಿಂದಲೂ ಅಷ್ಟೇ. ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಕಂಪ್ಯೂಟರಿಗೆ, ಅಲ್ಲಿಂದ ಪೆನ್‌ಡ್ರೈವಿಗೆ, ಕಡೆಗೆ ಈ ಹಾರ್ಡ್ ಡಿಸ್ಕಿಗೆ ಎಂದು ನನ್ನ ಹಾಡುಗಳು ವರ್ಗಾವಣೆಯಾದಷ್ಟು ಸಲ ಯಾವ ತಹಸೀಲ್ದಾರನೂ ವರ್ಗಾವಣೆಯಾಗಿರಲಾರ. ಮದ್ದೂರಿನ ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಗಳಲ್ಲಿ ಜನ ಸಾಲು ನಿಂತು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಯಾವ ಹಾಡು ಎಂದು ಯಾರೂ ಕೇಳುತ್ತಿರಲಿಲ್ಲ. ಮಿಲ್ಲಿಗೆ ರಾಗಿ ಕೊಟ್ಟು ಹಿಟ್ಟು ತರುವಂತೆ, ಖಾಲಿ ಕಾರ್ಡು ಕೊಟ್ಟು ತುಂಬಿದ ಕಾರ್ಡು ತರುತ್ತಿದ್ದರು. ನಾನೂ ಆ ಸಾಲಿನಲ್ಲಿ ನಿಂತವನೇ. ಈಗ ಹಾಡುಗಳೆಲ್ಲ ಆಕಾಶದಲ್ಲೆಲ್ಲೋ ಇರುತ್ತವಂತೆ, ಬೇಕೆಂದಾಗ ಇಳಿದು ಬರುತ್ತವಂತೆ. ಸಿಗ್ನಲ್ ಇರದ ಮುತ್ತತ್ತಿಯ ಹೊಳೆದಂಡೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿದೆ. ಒಂದೂ ಇಳಿಯಲಿಲ್ಲ. ಅಂದಿನಿಂದ ಬೀರುವಿನ ಮೇಲೆ ನಂಬಿಕೆ ಇನ್ನೂ ಹೆಚ್ಚಾಯಿತು.

ನನಗೆ ನಿಜವಾದ ಸುಖ ಇರುವುದು ಹಾಡಿನಲ್ಲಲ್ಲ, ಹಾಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದನ್ನು ನೋಡುವುದರಲ್ಲಿ. ಭಾನುವಾರ ಮಧ್ಯಾಹ್ನ, ಮುದ್ದೆ ಉಂಡ ಮೇಲೆ, ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ಉದ್ದವಾಗುತ್ತದೆ. ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಹೊರಟಿರುತ್ತವೆ. ನಾಲೆಯ ನೀರು ಗದ್ದೆಗೆ ಹರಿಯುವುದನ್ನು ಬದುವಿನ ಮೇಲೆ ಕೂತು ನೋಡುವ ರೈತನ ಹಾಗೆ ನಾನು ಆ ಪಟ್ಟಿಯನ್ನು ನೋಡುತ್ತೇನೆ. ಕಣ್ಣು ಎಳೆಯುತ್ತದೆ. ಅರೆನಿದ್ದೆಯಲ್ಲಿ ಆ ಹಾಡುಗಳೆಲ್ಲ ಒಂದರ ಹಿಂದೊಂದು ನೆರಳಿನಂತೆ ಸದ್ದಿಲ್ಲದೆ ನಡೆದುಹೋಗುತ್ತವೆ. ಎಚ್ಚರವಾದಾಗ ಎಲ್ಲವೂ ಆ ದಡ ಸೇರಿರುತ್ತವೆ, ಈ ದಡದಲ್ಲೂ ಹಾಗೇ ಉಳಿದಿರುತ್ತವೆ. ಹೋಗಿಯೂ ಇಲ್ಲೇ ಇರುವ ಈ ವಿದ್ಯೆ ಮನುಷ್ಯರಿಗೆ ಬರುವುದಿಲ್ಲವಲ್ಲ ಎಂದುಕೊಂಡು ಕಾಫಿಗೆ ಏಳುತ್ತೇನೆ.

ಹಿಂದೆ ಓಲೆಗರಿಯ ಮೇಲೆ ಕಾವ್ಯಗಳನ್ನು ನಕಲು ಮಾಡುತ್ತಿದ್ದವರು ಕಂಠ ಎಂಬ ಕಬ್ಬಿಣದ ಮೊನೆಯಿಂದ ಗರಿಯನ್ನು ಕೊರೆದು, ಮೇಲೆ ಮಸಿ ತಿಕ್ಕುತ್ತಿದ್ದರಂತೆ. ಬೆಳಕಿನ ಮೊನೆಯಿಂದ ತಟ್ಟೆಗೆ ಬರೆ ಹಾಕಿ ಸಿ.ಡಿ. ಬರೆಯುವುದು ಅದರ ಮೊಮ್ಮಗನೇ ಸರಿ. ವ್ಯತ್ಯಾಸ ಒಂದೇ. ಆ ಲಿಪಿಕಾರರು ಕೊನೆಗೆ ಬೆನ್ನು ಬಗ್ಗಿಸಿ ಕಷ್ಟಪಟ್ಟು ಬರೆದೆನೆಂದೂ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದೂ ಕೇಳಿಕೊಳ್ಳುತ್ತಿದ್ದರು. ಯಂತ್ರ ತಪ್ಪು ಮಾಡುವುದಿಲ್ಲ, ಹಾಗಾಗಿ ಕ್ಷಮೆಯನ್ನೂ ಕೇಳುವುದಿಲ್ಲ. ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುತ್ತದೆ. ತಿದ್ದುವ ಚಪಲ ಇರುವುದು ಮುಂದೆ ಕೂತ ಮನುಷ್ಯನಿಗೆ, ಅದರಲ್ಲೂ ದಿನಾ ರೈಲಿನಲ್ಲಿ ಮದ್ದೂರಿಗೆ ಹೋಗಿ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುವ ನನ್ನಂಥ ಮೇಷ್ಟರಿಗೆ.

ಮದ್ದೂರಿನ ಹತ್ತಿರದ ಕೊಪ್ಪದಲ್ಲಿ ನನ್ನ ಸೋದರತ್ತೆ ಪುಟ್ಟತಾಯಮ್ಮ ಇದ್ದಾರೆ. ಸುತ್ತಿನ ಮದುವೆಗಳಲ್ಲಿ ಹೆಣ್ಣನ್ನು ಹಸೆಗೆ ಕರೆಯುವಾಗ ಸೋಬಾನೆ ಹೇಳಲು ಅವರೇ ಬೇಕು. ಸೋಬಾನೆ ಒಬ್ಬರಿಂದ ಆಗುವ ಹಾಡಲ್ಲ. ಒಬ್ಬರು ಸಾಲು ಹೇಳಬೇಕು, ಉಳಿದ ಹೆಂಗಸರು ಅದೇ ಸಾಲನ್ನು ಎತ್ತಿಕೊಳ್ಳಬೇಕು. ಹೇಳುವವರು ನಮ್ಮತ್ತೆ, ಎತ್ತಿಕೊಳ್ಳುವವರಲ್ಲಿ ಮುಂದಾಳು ಅವರ ಓರಗಿತ್ತಿ ಕೆಂಪಮ್ಮ. ಒಂದೇ ಮನೆಗೆ ಸೊಸೆಯರಾಗಿ ಬಂದವರು, ಒಂದೇ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವರು. ಕೆಲವು ವರ್ಷಗಳ ಹಿಂದೆ ಅತ್ತೆಯ ಮನೆಯ ಮದುವೆಯೊಂದರ ಚಪ್ಪರದ ದಿನ ನಾನು ಫೋನನ್ನು ಅತ್ತೆಯ ಮಡಿಲ ಹತ್ತಿರವೇ ಇಟ್ಟು ಅವರು ಹೇಳಿದ ಸೋಬಾನೆಗಳನ್ನೆಲ್ಲ ರೆಕಾರ್ಡು ಮಾಡಿ ಹಿಡಿದುಕೊಂಡೆ. ಅತ್ತೆಯ ಮಗ ನಂಜುಂಡನ ಹಳೆಯ ಕಾರಿನಲ್ಲಿ ಸಿ.ಡಿ. ಮಾತ್ರ ಓಡುತ್ತಿತ್ತು, ಅವನಿಗೊಂದು ಸಿ.ಡಿ. ಬರೆದುಕೊಟ್ಟೆ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು.

ಬಿಡಲಿಲ್ಲ. ಆ ಹಾಡುಗಳಲ್ಲಿ ಪಾತ್ರೆ ಬೀಳುತ್ತಿತ್ತು, ಕುಕ್ಕರು ಕೂಗುತ್ತಿತ್ತು, ಯಾರೋ ಮಗುವಿಗೆ ಬೈಯುತ್ತಿದ್ದರು, ಒಬ್ಬರು ಊಟಕ್ಕೆ ಎಲೆ ಸಾಲದು ಎಂದು ಕೂಗುತ್ತಿದ್ದರು. ಬೇಡದ ಸದ್ದು ತೆಗೆಯುವ ತಂತ್ರಾಂಶವೊಂದು ನನಗೆ ಸಿಕ್ಕಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಇಡೀ ಬೇಸಿಗೆ ರಜೆ ಕೂತು ಸದ್ದು ಆರಿಸಿದೆ. ಕೊನೆಗೆ ಉಳಿದದ್ದು ಅತ್ತೆಯ ದನಿ, ತೊಳೆದ ತಾಮ್ರದ ಬಿಂದಿಗೆಯಂತೆ. ನನಗೆ ಎಂಥ ಹೆಮ್ಮೆ ಅಂತೀರಿ. ಹಳೆಯದರ ಮೇಲೆಯೇ ಉಳಿಸಲೇ ಎಂದು ಕಂಪ್ಯೂಟರು ವಿನಯದಿಂದ ಕೇಳಿತು. ಉಳಿಸಪ್ಪ ಎಂದೆ. ಆಮೇಲೆ ಅದನ್ನು ನನ್ನ ಪದ್ಧತಿಯಂತೆ ಪೆನ್‌ಡ್ರೈವಿಗೂ ಡಿಸ್ಕಿಗೂ ನಕಲು ಮಾಡಿ, ಬನಿಯನ್ನಿನಲ್ಲಿ ಸುತ್ತಿ, ಸೀರೆಯ ಕೆಳಗೆ ಇಟ್ಟೆ. ಮತ್ತೆ ಕೇಳಲಿಲ್ಲ.

ಹೋದ ವರ್ಷ ಕೆಂಪಮ್ಮ ತೀರಿಕೊಂಡರು. ಅಂದಿನಿಂದ ಅತ್ತೆ ಹಾಡುವುದನ್ನು ನಿಲ್ಲಿಸಿಬಿಟ್ಟರು. ಯಾರ ಮದುವೆಗೆ ಕರೆದರೂ ಹೋಗಿ ಉಂಡು ಬರುತ್ತಾರೆ, ಬಾಯಿ ಮಾತ್ರ ತೆರೆಯುವುದಿಲ್ಲ. ಈಗ ನಂಜುಂಡನ ಮಗಳ ಮದುವೆಯೇ ಮಳವಳ್ಳಿಯ ಛತ್ರದಲ್ಲಿ ಗೊತ್ತಾಗಿದೆ. ಸ್ವಂತ ಮೊಮ್ಮಗಳನ್ನು ಹಸೆಗೆ ಕರೆಯಲು ಅಜ್ಜಿಯೇ ಹಾಡದಿದ್ದರೆ ಹೇಗೆ ಎಂದು ಮನೆಯವರೆಲ್ಲ ಹೇಳಿ ನೋಡಿದರು. "ನಾನೇನೋ ಸಾಲು ಏಳ್ತೀನಿ ಕಣ್ರಪ್ಪ. ಎತ್ಕಳೋರು ಯಾರು?" ಎಂದು ಅತ್ತೆ ಎದ್ದು ಹೋದರಂತೆ. ಮದುವೆಯ ಹುಡುಗಿ ನನಗೆ ಫೋನು ಮಾಡಿ, ಅಜ್ಜಿ ಹಾಡದಿದ್ದರೆ ನಾನು ಹಸೆಗೇ ಹೋಗುವುದಿಲ್ಲ ಎಂದು ಅತ್ತಳು. ಹಿಂದೆಯೇ ಅತ್ತೆಯೂ ಫೋನಿಗೆ ಬಂದರು.

"ಮಗ, ಆವತ್ತು ನೀನು ಇಡ್ಕಂಡಿದ್ದಲ್ಲ, ಅದ್ರಲ್ಲಿ ಕೆಂಪಿ ದನಿ ಅದಲ್ವಾ? ಒಂದ್ಸಲ ತಕಬಾ. ಕೇಳ್ಬೇಕು ಅನ್ನುಸ್ತಾ ಅದೆ."

ನಾನು ಸಂಭ್ರಮದಿಂದ ಡಬ್ಬಿ ಬಿಚ್ಚಿದೆ. ಇಷ್ಟು ವರ್ಷ ಕಾದದ್ದಕ್ಕೆ ಇಂದು ಬೆಲೆ ಬಂತು ಎಂದು ಹೆಂಡತಿಗೆ ಭಾಷಣವನ್ನೂ ಮಾಡಿದೆ. ಲ್ಯಾಪ್‌ಟಾಪು, ಸ್ಪೀಕರು ಎಲ್ಲ ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ಕೊಪ್ಪಕ್ಕೆ ಹೋದೆ. ಜಗುಲಿಯ ಮೇಲೆ ಅತ್ತೆ ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದರು. ಮೊದಲು ಲ್ಯಾಪ್‌ಟಾಪಿನಲ್ಲೇ ಇದ್ದ ಹಾಡು ಹಾಕಿದೆ. ಅತ್ತೆಯ ದನಿ ಖಣಖಣ ಎಂದು ಬಂತು. ಒಂದು ಸಾಲು ಮುಗಿಯಿತು. ಆಮೇಲೆ ಏನೂ ಇಲ್ಲ. ಒಂದು ಸಾಲಿನಷ್ಟು ಉದ್ದದ ಮೌನ. ಮತ್ತೆ ಅತ್ತೆಯ ದನಿ, ಮತ್ತೆ ಮೌನ. ಅಂದು ಫೋನು ಇದ್ದದ್ದು ಅತ್ತೆಯ ಮಡಿಲ ಹತ್ತಿರ. ಗೋಡೆಯ ಬಳಿ ಕೂತಿದ್ದ ಕೆಂಪಮ್ಮನೂ ಉಳಿದ ಹೆಂಗಸರೂ ಯಂತ್ರದ ಲೆಕ್ಕದಲ್ಲಿ ಕುಕ್ಕರಿನ ಜೊತೆಗೆ, ಬಿದ್ದ ಪಾತ್ರೆಯ ಜೊತೆಗೆ ಬೇಡದ ಸದ್ದಾಗಿ ಹೋಗಿದ್ದರು. ಸದ್ದನ್ನಷ್ಟೇ ಹುಡುಕುತ್ತಿದ್ದ ನಾನು ಆ ಖಾಲಿಯನ್ನು ಶುದ್ಧಿ ಎಂದುಕೊಂಡಿದ್ದೆ.

"ಇದೇನ್ಲಾ, ಉಚ್ಚಿ ಅಂಗೆ ನಾನೊಬ್ಳೇ ಆಡ್ಕಂಡು ಕುಂತಿವ್ನಿ. ಕೆಂಪಿ ಎಲ್ಲವ್ಳೆ?"

ಪೆನ್‌ಡ್ರೈವು ಹಾಕಿದೆ, ಅದೇ ಮೌನ. ಡಿಸ್ಕು ಹಾಕಿದೆ, ಅಲ್ಲೂ ಅದೇ. ಕಳೆದುಹೋಗಬಾರದೆಂದು ನಾನು ಆ ಮೌನವನ್ನೇ ಮೂರು ಕಡೆ ಜೋಪಾನ ಮಾಡಿದ್ದೆ. ಅಂದು ಹಿಡಿದ ಫೋನು ಎಂದೋ ಎಕ್ಸ್‌ಚೇಂಜಿಗೆ ಹೋಗಿತ್ತು. ಆಗ ನಂಜುಂಡನ ಸಿ.ಡಿ. ನೆನಪಾಯಿತು. ಅದು ಸದ್ದು ತೆಗೆಯುವ ಮುಂಚಿನದು.

"ಆ ಕಾರು ಮಾರ್ಬುಟ್ಟೆ ಕಣ್ ಮಾವ" ಎಂದ ನಂಜುಂಡ. ನಾನು ಅವನಿಗೆ ಸೋದರಮಾವನ ಮಗನೇ ಹೊರತು ಮಾವನಲ್ಲ, ಆದರೂ ವಯಸ್ಸಿನ ಅಂತರದಿಂದಾಗಿ ಅವನು ಮೊದಲಿಂದ ಹಾಗೇ ಕರೆಯುವುದು. "ಸೀಡಿಗೋಳ್ನೆಲ್ಲ ಒಟ್ಲಿಗೆ ಕಟ್ಟಿವ್ನಿ, ಗುಬ್ಬಿ ಬರದಂಗೆ."

ಗದ್ದೆಗೆ ಓಡಿದೆವು. ಭತ್ತದ ಸಸಿ ಬೆಳೆಸಿದ ಒಟ್ಲಿನ ಮೇಲೆ ದಾರದಲ್ಲಿ ಸಾಲಾಗಿ ಸಿ.ಡಿ.ಗಳು ತೂಗುತ್ತಿದ್ದವು. ಗಾಳಿ ಬಂದಾಗ ತಿರುಗಿ, ಬಿಸಿಲನ್ನು ಎಳೆಯ ಪೈರಿನ ಮೇಲೆ ಚೂರುಚೂರಾಗಿ ಎರಚುತ್ತಿದ್ದವು. ಆ ಅವಸರದಲ್ಲೂ ನಾನು ಒಂದು ಗಳಿಗೆ ಮೈಮರೆತು ನಿಂತೆ. ಹಾಡು ಹೀಗೂ ಇರಬಹುದು ಅನ್ನಿಸಿತು, ಸದ್ದಿಲ್ಲದೆ ಬೆಳಕಾಗಿ. ನನ್ನ ಅಕ್ಷರ ಮಾಸಿದ್ದ ಸಿ.ಡಿ.ಯನ್ನು ಗುರುತಿಸಿ ಬಿಚ್ಚಿದೆವು. ಹೊಳಪು ಸುಲಿದು, ಆಚೆ ಕಡೆಯ ಬದು ಅದರ ಮೂಲಕವೇ ಕಾಣುತ್ತಿತ್ತು. ನಂಜುಂಡ ಪಂಚೆಯಲ್ಲಿ ಎಷ್ಟೇ ಒರೆಸಿದರೂ ಅದು ಮತ್ತೆ ಹಾಡುವ ಸ್ಥಿತಿಯಲ್ಲಿರಲಿಲ್ಲ.

ಬರಿಗೈಯಲ್ಲಿ ಬಂದ ನನ್ನ ಮುಖ ನೋಡಿಯೇ ಅತ್ತೆಗೆ ಗೊತ್ತಾಯಿತು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಸ್ಪೀಕರಿನ ವೈರು ಸುತ್ತತೊಡಗಿದೆ.

"ಓಗ್ಲಿ ಬುಡು. ಇನ್ನೊಂದ್ಸಲ ಅದ್ನೇ ಆಕು. ಇದ್ದಷ್ಟು ಕೇಳಾವ."

ಹಾಕಿದೆ. ಬಿಸಿಲು ಜಗುಲಿಯಿಂದ ಅಂಗಳಕ್ಕೆ ಇಳಿದಿತ್ತು, ಆಲೆಮನೆಯ ಕಡೆಯಿಂದ ಬೆಲ್ಲದ ಹೊಗೆ ಬರುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸಾಲು, ಮೌನ, ಸಾಲು, ಮೌನ. ಪ್ರತಿ ಸಾಲಿನ ತುದಿಯಲ್ಲೂ ಒಂದು ಸಣ್ಣ ಕಲೆ ಇತ್ತು, ದನಿ ಅಲ್ಲಿ ಒಂದಿಷ್ಟು ದಪ್ಪವಾಗಿ ಒರಟಾಗುತ್ತಿತ್ತು. ರಜೆಯಿಡೀ ತಿಕ್ಕಿದರೂ ಅದೊಂದು ಹೋಗಿರಲಿಲ್ಲ. ಅತ್ತೆ ಥಟ್ಟನೆ ಕೈ ಎತ್ತಿದರು.

"ಇರ್ಲಾ. ವಸಿ ಇಂದಕ್ಕೋಗು."

ಹಿಂದಕ್ಕೆ ಹೋದೆ.

"ಕೇಳುಸ್ತಾ? ಬಂದ್ಲು ನೋಡು. ನಾನು ಸಾಲು ಮುಗ್ಸೋಗಂಟ ತಡೀತಿರ್ನಿಲ್ಲ ಕಣ್ಲಾ ಅವ್ಳು. ನನ್ನ ಉಸ್ರಿನ್ ಮ್ಯಾಲೇ ಎತ್ಕಬುಡೋಳು. ವಸಿ ತಡ್ಕಳಮ್ಮಿ ಅಂತ ಎಷ್ಟು ಬೈದಿವ್ನಿ. ಮದ್ವೆ ಮನೆಗಳಲ್ಲೇ ಜಗಳ ಆಡಿವ್ನಿ. ಕೇಳ್ಬೇಕಲ್ಲ."

ಕಿವಿಯಿಟ್ಟು ಕೇಳಿದೆ. ಹೌದು, ಅತ್ತೆಯ ದನಿಯ ಕೊನೆಯ ಅಕ್ಷರದ ಮೇಲೆ ಇನ್ನೊಂದು ದನಿ ಕಾಲಿಟ್ಟಿತ್ತು. ಹತ್ತಿರದ ದೊಡ್ಡ ದನಿ ಇರುವಷ್ಟು ಹೊತ್ತು ಆ ಯಂತ್ರ ಬಾಗಿಲು ತೆರೆದಿರುತ್ತದೆ, ಅದು ನಿಂತೊಡನೆ ಮುಚ್ಚುತ್ತದೆ. ಸಾಲು ಮುಗಿಯಲೆಂದು ಕಾದು ಮರ್ಯಾದೆಯಿಂದ ಎತ್ತಿಕೊಂಡ ಹೆಂಗಸರೆಲ್ಲ ಹೊರಗೇ ಉಳಿದಿದ್ದರು. ತಡೆಯಲಾರದೆ ನುಗ್ಗಿದ ಕೆಂಪಮ್ಮ ಮಾತ್ರ, ಒಂದೊಂದು ಅಕ್ಷರದಷ್ಟು, ಒಳಗಿದ್ದರು. ನಾನು ಕಲೆ ಎಂದು ತಿಕ್ಕಿದ್ದು ಅವರನ್ನು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು, ನಗುತ್ತಲೂ ಇದ್ದರು. "ಮೊದ್ಲಿಂದ ಆಕು" ಎಂದರು. ಹಾಕಿದೆ. ಸ್ಪೀಕರಿನೊಳಗಿನ ಅತ್ತೆ ಮೊದಲ ಸಾಲು ಶುರು ಮಾಡಿದರು. ಜಗುಲಿಯ ಮೇಲಿನ ಅತ್ತೆ ಗೋಡೆ ಬಿಟ್ಟು ಮುಂದಕ್ಕೆ ಬಾಗಿ, ಒಂದು ವರ್ಷದಿಂದ ಬಳಸದೆ ತುಕ್ಕು ಹಿಡಿದ ದನಿಯಲ್ಲಿ ಅದನ್ನು ಎತ್ತಿಕೊಂಡರು. ಸಾಲು ಇನ್ನೂ ಮುಗಿದಿರಲಿಲ್ಲ.