ಮುನಿಯಮ್ಮ ಬೆಂಚಿನ ಮೇಲೆ ಕೂತಿದ್ದಕ್ಕೆ

"ಏಯ್, ಏಳೇ ಮೇಲೆ! ಬೆಂಚ್ ಮೇಲೆ ಕೂರೋಕೆ ನೀನೇನ್ ಟೀಚರಾ?"

ಹೆಡ್‌ಮಾಸ್ಟರ್ ಬಾಗಿಲಲ್ಲಿ ನಿಂತು ಹಾಗೆ ಕೂಗಿದ್ದು ನಮ್ಮ ಶಾಲೆಯ ಆಯಾ ಮುನಿಯಮ್ಮನಿಗೆ. ಒಂದನೇ ಕ್ಲಾಸಿನ ಮಕ್ಕಳೆಲ್ಲ ನೋಡುತ್ತಿದ್ದರು. ಮುನಿಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

ಅರವತ್ತರ ದಶಕದ ಮಾತು. ಯಲಹಂಕದ ಹತ್ತಿರದ ಪ್ರೈಮರಿ ಸ್ಕೂಲು. ನಾನು ಆಗಷ್ಟೇ ಟ್ರೈನಿಂಗ್ ಮುಗಿಸಿ ಸೇರಿದ್ದ ಟೀಚರ್.

ಇವತ್ತು ನೆನೆದರೂ ಮೈ ಉರಿಯುತ್ತದೆ. ಮುನಿಯಮ್ಮ ಅಲ್ಲಿ ಕೂತಿದ್ದೇ ನಾನು ಹೇಳಿದ್ದಕ್ಕೆ!

ನನ್ನ ಕ್ಲಾಸಿನಲ್ಲಿ ಗೌರಿ ಅಂತ ಒಬ್ಬ ಹುಡುಗಿ. ಗಂಟೆ ಹೊಡೆದರೆ ಸಾಕು, ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು, ಸ್ಲೇಟು ಎಸೆಯುತ್ತಿದ್ದಳು, ಹತ್ತಿರ ಹೋದವರನ್ನು ಕಚ್ಚುತ್ತಿದ್ದಳು. ಇನ್ನೊಂದು ಸಲ ಕಚ್ಚಿದರೆ ಟಿ.ಸಿ. ಕೊಟ್ಟು ಕಳಿಸುತ್ತೇನೆ ಅಂದಿದ್ದರು ಹೆಡ್‌ಮಾಸ್ಟರ್.

ಕ್ಲಾಸಿನ ತುಂಬ ಮಕ್ಕಳು. ನಾನು ಅವಳೊಬ್ಬಳ ಪಕ್ಕದಲ್ಲೇ ಕೂರುವುದು ಹೇಗೆ? ಮುನಿಯಮ್ಮನನ್ನು ಕೇಳಿಕೊಂಡೆ. ಸಂಜೆ ಮಕ್ಕಳು ಹೋದ ಮೇಲೆ ಇಬ್ಬರೂ ಅಭ್ಯಾಸ ಮಾಡಿದೆವು. ಗೌರಿಯ ಪಾತ್ರ ನನ್ನದು!

ಬೈಯಬಾರದು, ಎಳೆದಾಡಬಾರದು. ಗಂಟೆ ಹೊಡೆಯುವ ಮೊದಲೇ ಹೋಗಿ ಬೆಂಚಿನ ಮೇಲೆ ಅವಳ ಪಕ್ಕ ಕೈ ಹಿಡಿದು ಕೂರಬೇಕು. ಸುಮ್ಮನಿದ್ದರೆ ತಕ್ಷಣ "ಜಾಣೆ" ಅಂದು ಬೆಲ್ಲದ ಚೂರು ಕೊಡಬೇಕು.

"ಕಿರುಚ್ವಾಗ ಕೊಟ್ರೆ ತಾನೇ ಟೀಚರಮ್ಮಾ ಬಾಯ್ ಮುಚ್ಚೋದು? ಇದೇನ್ ಇಂಗೇಳ್ತೀರಾ?"

"ಆಮೇಲೆ ಬೆಲ್ಲಕ್ಕೋಸ್ಕರಾನೇ ಕಿರುಚ್ತಾಳೆ ಮುನಿಯಮ್ಮ."

ಮೊದಮೊದಲು ತಪ್ಪಿದರು. ಆಮೇಲೆ ಕೈ ಕುದುರಿತು. ಒಂದು ದಿನ ಗಂಟೆ ಹೊಡೆಯಿತು... ಗೌರಿ ಮುನಿಯಮ್ಮನ ಕೈಯನ್ನು ಬಿಗಿಯಾಗಿ ಹಿಡಿದಳು, ಅಷ್ಟೇ. ಕಿರುಚಲಿಲ್ಲ.

ಆ ವಾರವೇ ಈ ಅವಮಾನ.

ಆಫೀಸ್ ರೂಮಿಗೆ ಹೋಗಿ ಕೇಳಿದೆ. "ಕಸ ಗುಡಿಸೋರು ಮಕ್ಕಳನ್ನ ತಿದ್ದೋದಾದ್ರೆ ನೀವ್ಯಾಕಮ್ಮಾ ಬೇಕು?" ಅಂದರು ಹೆಡ್‌ಮಾಸ್ಟರ್.

"ಮಗು ಸುಮ್ಮನಾಗಿದ್ದು ನಿಮಗೆ ಕಾಣ್ಲಿಲ್ವಾ ಸಾರ್?"

"ಆಯಾ ಇನ್ಮೇಲೆ ಕ್ಲಾಸಿನೊಳಗೆ ಬರಕೂಡದು" ಅಂದು ಅವರು ಫೈಲು ತೆರೆದರು.

ಮರುದಿನ ಮುನಿಯಮ್ಮ ಬಾಗಿಲಾಚೆ. ಗಂಟೆ ಹೊಡೆಯಿತು, ಗೌರಿ ಪಕ್ಕದವಳ ತೋಳು ಕಚ್ಚಿದಳು. ಹೆಡ್‌ಮಾಸ್ಟರ್ ಟಿ.ಸಿ. ಬರೆಯಲು ಹೊರಟರು.

ನನಗೆ ತಡೆಯಲಾಗಲಿಲ್ಲ. ಇಡೀ ಕ್ಲಾಸನ್ನು ಎಬ್ಬಿಸಿಕೊಂಡು ಹೋಗಿ ಅಂಗಳದ ಹೊಂಗೆ ಮರದಡಿ ಕೂರಿಸಿದೆ. ನಾನೂ ನೆಲದ ಮೇಲೆಯೇ ಕೂತೆ. ಗೌರಿಯ ಪಕ್ಕಕ್ಕೆ ಮುನಿಯಮ್ಮನನ್ನು ಕರೆದೆ.

"ಇದೇನ್ರೀ ಇದು?" ಹೆಡ್‌ಮಾಸ್ಟರ್ ಓಡಿ ಬಂದರು.

"ಇಲ್ಲಿ ಬೆಂಚ್ ಇಲ್ವಲ್ಲ ಸಾರ್. ಗೌರಿಗೆ ಟಿ.ಸಿ. ಕೊಡೋದಾದ್ರೆ ನನ್ನ ರಾಜೀನಾಮೇನೂ ತಗೊಳ್ಳಿ."

ಅವರು ಏನೋ ಗೊಣಗುತ್ತಾ ಒಳಗೆ ಹೋದರು. ಟಿ.ಸಿ. ಮಾತು ಮತ್ತೆ ಎತ್ತಲಿಲ್ಲ.

ಆ ವರ್ಷ ನಮ್ಮ ಪಾಠವೆಲ್ಲ ಮರದಡಿಯೇ. ಗೌರಿ ಎರಡನೇ ಕ್ಲಾಸಿಗೆ ಪಾಸಾದಳು. ಆದರೆ ಮುಂದಿನ ವರ್ಷ ಒಳಗೆ ಪಾಠ ಶುರುವಾದ ಮೇಲೂ, ನನಗೆ ವರ್ಗವಾಗುವವರೆಗೂ ಮುನಿಯಮ್ಮ ಮತ್ತೆ ಆ ಬೆಂಚಿನ ಮೇಲೆ ಕೂರಲಿಲ್ಲ. ನಾನು ಕರೆದರೂ...

ನಿಮ್ಮ ಮಕ್ಕಳ ಶಾಲೆಯಲ್ಲಿ ಆಯಾ ಎಲ್ಲಿ ಕೂರುತ್ತಾರೆ, ಯಾವತ್ತಾದರೂ ನೋಡಿದ್ದೀರಾ?