ಪಿಳ್ಳೆಯವರು ಕಾದ ಕಾರ್ಡು

೧೯೭೧ನೇ ಇಸವಿಯ ಮಾತು. ಆಗ ನಾವು ತಿರುವನಂತಪುರದ ಉಳ್ಳೂರಿನಲ್ಲಿದ್ದೆವು. ನನ್ನ ಯಜಮಾನರಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ. ಮೈಸೂರಿನಿಂದ ವರ್ಗವಾಗಿ ಬಂದು ಒಂದು ವರ್ಷ ಆಗಿತ್ತಷ್ಟೆ. ನನಗೆ ಬರುತ್ತಿದ್ದುದು ತರಕಾರಿ ಅಂಗಡಿಯ ಮಲಯಾಳ. ನಮ್ಮ ಮಾತಿಗೆ ಹತ್ತಿರವಾದ ಪದ ಕಿವಿಗೆ ಬಿದ್ದರೆ ಸಾಕು, ಅರ್ಥವೂ ಅದೇ ಎಂದು ನುಗ್ಗಿಬಿಡುತ್ತಿದ್ದೆ. ಒಮ್ಮೆ ದಿನಸಿ ಅಂಗಡಿಯಲ್ಲಿ “ಪಟ್ಟಿ ತಂದಿದ್ದೀನಿ” ಅಂದೆ. ಅಂಗಡಿಯವರು ಗಾಬರಿಯಿಂದ ನನ್ನ ಕಾಲ ಹತ್ತಿರ ಬಗ್ಗಿ ನೋಡಿದರು. ಅವರಲ್ಲಿ ಪಟ್ಟಿ ಎಂದರೆ ನಾಯಿ. ಇದನ್ನು ಹೇಳಿಕೊಂಡು ಮನೆಯಲ್ಲಿ ಎಷ್ಟೋ ದಿನ ನಕ್ಕೆವು. ಮಾತು ತಪ್ಪಿದರೆ ನಗೆಪಾಟಲಾಗಬಹುದು, ಅದಕ್ಕಿಂತ ಹೆಚ್ಚೇನಾದೀತು ಎಂದುಕೊಂಡಿದ್ದೆ.

ನನ್ನ ಅಕ್ಕ ಕೊಚ್ಚಿಯ ಹತ್ತಿರ ಏಲೂರಿನಲ್ಲಿದ್ದಳು. ಭಾವನಿಗೆ ಅಲ್ಲಿ ಕಾರ್ಖಾನೆಯ ಕೆಲಸ. ಅವಳಿಗೂ ನನಗೂ ಕನ್ನಡ ಪುಸ್ತಕದ ಹಸಿವು. ಮೈಸೂರಿನಿಂದ ಬರುವವರ ಹತ್ತಿರ ಪತ್ತೇದಾರಿ ಕಾದಂಬರಿ ತರಿಸುವುದು, ಅವಳು ಓದಿ ನನಗೆ, ನಾನು ಓದಿ ಅವಳಿಗೆ ರೈಲಿನಲ್ಲಿ ಹೋಗಿಬರುವವರ ಕೈಲಿ ಕಳಿಸುವುದು. ನಡುನಡುವೆ ಕಾರ್ಡು. ಊರಲ್ಲಾದರೆ ಕಾರ್ಡನ್ನು ಪೋಸ್ಟ್‌ಮ್ಯಾನ್ ಓದಿ, ಎದುರುಮನೆಯವರು ಓದಿ, ಆಮೇಲೆ ನಾವು ಓದಬೇಕು. ಇಲ್ಲಿ ಕನ್ನಡದ ಕಾರ್ಡೆಂದರೆ ಅಂಟಿಸಿದ ಲಕೋಟೆಯೇ ಸರಿ. ನಮ್ಮ ನಮ್ಮ ಅತ್ತೆಯರ ವಿಚಾರವನ್ನೂ ನಾವು ಧೈರ್ಯವಾಗಿ ಕಾರ್ಡಿನಲ್ಲೇ ಬರೆದುಕೊಳ್ಳುತ್ತಿದ್ದೆವು.

ಆ ವರ್ಷ ಅಪ್ಪ ನಮ್ಮಲ್ಲಿಗೆ ಬಂದರು. ಅವರು ರೈಲಿನ ಟಪಾಲು ಬೋಗಿಯಲ್ಲಿ ನಿಂತು ಊರೂರಿನ ಕಾಗದ ವಿಂಗಡಿಸುತ್ತಿದ್ದವರು. ನಿವೃತ್ತರಾಗಿದ್ದರು. ಅಮ್ಮ ಹೋದ ಮೇಲೆ ಅವರಿಗೆ ಉಳಿದಿದ್ದ ಸುಖ ಓದು ಒಂದೇ. ಅದೂ ಒಂದೇ ಕಣ್ಣಿನಲ್ಲಿ, ಏಕೆಂದರೆ ಬಲಗಣ್ಣು ಎಂದೋ ಹೋಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ತುತ್ತು ಕೈಲಿ ಹಿಡಿದೇ, “ಸರಸೂ, ಎಡಗಣ್ಣಿಗೆ ಯಾರೋ ಪರದೆ ಎಳೆದಂಗಾಯ್ತಲ್ಲೇ” ಅಂದರು.

ಕಣ್ಣಿನ ಒಳಪದರ ಕಳಚಿಕೊಂಡಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಕಟ್ಟು, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ. ಅಂಗಾತ ಮಲಗಿರಬೇಕು, ತಲೆ ಅಲುಗಬಾರದು. “ತಲೆ ಎತ್ತಿದರೋ, ಕಣ್ಣು ಹೋಯಿತು” ಎಂದು ಡಾಕ್ಟರು ಇಂಗ್ಲಿಷಿನಲ್ಲಿ ವಾರ್ಡಿಗೆಲ್ಲ ಕೇಳುವಂತೆ ಹೇಳಿದರು. ಹೇಳಿದ್ದು ಯಾರಿಗೆ? ಜೀವಮಾನವೆಲ್ಲ ಓಡುವ ರೈಲಿನಲ್ಲಿ ನಿಂತಿದ್ದ ಮನುಷ್ಯನಿಗೆ. ಮೊದಲ ದಿನವೇ ಅಪ್ಪ, “ಬೆನ್ನು ಉರೀತಿದೆ, ಒಂದ್ಸಲ ಎದ್ದು ಕೂತ್ಕೊಂಡ್ಬಿಡ್ತೀನಿ” ಎಂದು ಹಟ ಹಿಡಿದರು. ಮೊಣಕೈ ಊರಿಯೂಬಿಟ್ಟರು. ನಾನು ಎರಡು ಕೈಯಿಂದ ಭುಜ ಒತ್ತಿ ಹಿಡಿದು, “ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಮಲಗಿ” ಎಂದು ಅತ್ತೆ. ಆ ಕಣ್ಣೂ ಹೋದರೆ ಅಪ್ಪ ಬದುಕಿದ್ದೂ ಇಲ್ಲದಂತಾಗುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ರಾತ್ರಿ ಯಜಮಾನರು, ಹಗಲು ನಾನು. ರೋಗಿಯ ಜೊತೆಗಿರುವವರಿಗೆ ಅಲ್ಲಿ ಬೈಸ್ಟ್ಯಾಂಡರ್ ಅನ್ನುತ್ತಾರೆ. ಮರುದಿನ ಅಕ್ಕ ಕಳಿಸಿದ್ದ ಹೊಸ ಪತ್ತೇದಾರಿ ಕಾದಂಬರಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಮಂಚದ ಪಕ್ಕ ಕೂತು ಓದತೊಡಗಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ಜಮೀನ್ದಾರನೊಬ್ಬ ಸತ್ತು ಬಿದ್ದಿದ್ದಾನೆ. ಮನೆಯಲ್ಲಿ ಮಗ, ಸೋದರಳಿಯ, ವಿಧವೆ ತಂಗಿ, ದಿನವೂ ಬಂದುಹೋಗುವ ಡಾಕ್ಟರು. ಅಪ್ಪನ ಮೊಣಕೈ ತಣ್ಣಗೆ ಹಾಸಿಗೆಗೆ ಇಳಿಯಿತು.

ಅಷ್ಟರಲ್ಲಿ ಪಕ್ಕದ ಮಂಚದಿಂದ ಒಂದು ದನಿ. “ಮೋಳೇ, ಕಥಯಾಣೋ?” ಮಗಳೇ, ಕಥೆಯಾ ಎಂದು.

ಅವರು ಗೋಪಾಲ ಪಿಳ್ಳೆ. ಆಟ್ಟಿಂಗಲ್ ಕಡೆಯ ಹಳ್ಳಿಯವರು. ಪೊರೆ ತೆಗೆದು ಅವರ ಕಣ್ಣಿಗೂ ಕಟ್ಟು ಕಟ್ಟಿದ್ದರು. ತಮ್ಮೂರಿನ ವಾಯನಶಾಲೆ, ಅಂದರೆ ಓದುವ ಮನೆ, ಬಹಳ ವರ್ಷ ನೋಡಿಕೊಂಡವರಂತೆ. ದಿನಾ ಸಂಜೆ ಅಕ್ಷರ ಬಾರದವರನ್ನು ಕೂರಿಸಿಕೊಂಡು ಪೇಪರು, ಕಥೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವರು. ಅವರ ಹೆಂಡತಿ ಭಾರ್ಗವಿ ಅಮ್ಮ ಕೆಳಗೆ ಚಾಪೆ ಹಾಸಿಕೊಂಡಿದ್ದರು. “ಪತ್ತೇದಾರಿ” ಅಂದೆ. ಅರ್ಥವಾಗಲಿಲ್ಲ. “ಡಿಟೆಕ್ಟಿವ್” ಅಂದೆ. “ಓ!” ಎಂದು ಪಿಳ್ಳೆಯವರು ಮಲಗಿದಲ್ಲೇ ಕೈ ಮುಗಿದುಬಿಟ್ಟರು.

ಅಲ್ಲಿಂದ ನನಗೆ ಎರಡು ಕೆಲಸ. ಒಂದು ಅಧ್ಯಾಯ ಕನ್ನಡದಲ್ಲಿ ಅಪ್ಪನಿಗೆ, ಅದರ ಸಾರ ನನ್ನ ಹರಕು ಮಲಯಾಳದಲ್ಲಿ ಪಿಳ್ಳೆಯವರಿಗೆ. ಜಮೀನ್ದಾರ ಸತ್ತ ಎನ್ನುವುದಕ್ಕೆ “ಚತ್ತು” ಎಂದೆ. ಹಸು ಚತ್ತು, ಕೋಳಿ ಚತ್ತು ಎಂದು ಹಾಲಿನವಳು ಹೇಳುವುದನ್ನು ಕೇಳಿದ್ದೆ, ನಮ್ಮ ಸತ್ತ ಎನ್ನುವುದರ ತಮ್ಮನಂತಿತ್ತು. ಪಿಳ್ಳೆಯವರು ಕಟ್ಟಿನ ಕೆಳಗೆ ಮುಗುಳ್ನಕ್ಕರು, ತಿದ್ದಲಿಲ್ಲ. ಆ ಮಾತು ಪ್ರಾಣಿಗಳಿಗೆ ಮಾತ್ರ, ಮನುಷ್ಯರಿಗೆ ಬೇರೆ ಮಾತುಂಟು ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಚೆನ್ನಾಗಿತ್ತು.

ಎರಡನೆಯ ದಿನಕ್ಕೆ ವಾದ ಶುರುವಾಯಿತು. ಅಪ್ಪನಿಗೆ ರೈಲಿನ ಕೆಲಸದಲ್ಲಿ ಕಲಿತ ತಮಿಳು ಬರುತ್ತಿತ್ತು, ಇಬ್ಬರಿಗೂ ಇಂಗ್ಲಿಷ್ ಇತ್ತು. ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಕೊಂದವನು ಡಾಕ್ಟರು ಎಂದು ಅಪ್ಪ. “ಅಲ್ಲ ಸಾರ್, ಮರುಮಗನ್” ಎಂದು ಪಿಳ್ಳೆಯವರು. ಮರುಮಗನ್ ಎಂದರೆ ಸೋದರಳಿಯ. ಅವರ ಮನೆತನದಲ್ಲಿ ಹಿಂದಿನಿಂದ ಆಸ್ತಿ ಸೋದರಮಾವನಿಂದ ಅಳಿಯನಿಗೆ. ಮಾವ ಸತ್ತರೆ ಲಾಭ ಯಾರಿಗೆ? ಅಳಿಯನಿಗೇ! “ಅಯ್ಯೋ ಸ್ವಾಮಿ, ಇದು ಮೈಸೂರು ಸೀಮೆ ಕಥೆ. ನಮ್ಮಲ್ಲಿ ಆಸ್ತಿ ಮಗನಿಗೆ. ಅಳಿಯನಿಗೆ ಚಿಪ್ಪೇ ಗತಿ. ಅವನ್ಯಾಕೆ ಕೊಂದಾನು?” ಎಂದು ಅಪ್ಪ. ಪಿಳ್ಳೆಯವರು ಜಪ್ಪಯ್ಯ ಎಂದರೂ ಬಿಡಲಿಲ್ಲ. ಕಡೆಗೆ ಪಂದ್ಯ ಕಟ್ಟಿದರು. ಸೋತವರು ಗೆದ್ದವರ ಭಾಷೆಯಲ್ಲಿ, ಗೆದ್ದವರ ಲಿಪಿಯಲ್ಲಿ, ಸೋತೆ ಎಂದು ಸ್ವಂತ ಕೈಯಿಂದ ಕಾರ್ಡು ಬರೆಯಬೇಕು. ಇಬ್ಬರೂ ನನ್ನ ಕೈಲಿ ವಿಳಾಸ ಬರೆಸಿದರು. ಕಣ್ಣು ಕಾಣದ ಇಬ್ಬರು ಮುದುಕರು ಬರೆಯುವ ಪಂದ್ಯ ಕಟ್ಟುವುದನ್ನು ಕೇಳಿ ವಾರ್ಡಿನ ನರ್ಸು ನಕ್ಕುಬಿಟ್ಟಳು.

ಇನ್ನೇನು ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆಸಿದ, ಹಾಳೆ ತಿರುಗಿಸುತ್ತೇನೆ, ರಟ್ಟು! ಕೊನೆಯ ಹಾಳೆಗಳೇ ಇರಲಿಲ್ಲ. ಅಪ್ಪ, “ಸರಿಯಾಗಿ ನೋಡೇ” ಎಂದು ಗದರಿದರು. ಅವರ ಕೈ ಮಂಚದ ಅಂಚನ್ನು ಹಿಡಿದದ್ದು ಕಂಡು ಭುಜ ಒತ್ತಲು ಕೈ ಚಾಚಿದೆ. ಆಗ ಪಕ್ಕದಿಂದ ಪಿಳ್ಳೆಯವರು, “ಸಾರ್, ಮಲಗಿಕೊಂಡು ಕೇಳಿ. ಆ ಮರುಮಗನ್ ಅವತ್ತು ತೋಟಕ್ಕೆ ಯಾಕೆ ಹೋಗಿದ್ದ?” ಎಂದು ಶುರು ಹಚ್ಚಿದರು. ಅಪ್ಪ ಅದಕ್ಕೆ ಉತ್ತರ ಹುಡುಕುತ್ತಾ ಮಲಗಿದರು. ನಾನು ಅಂದೇ ಅಕ್ಕನಿಗೆ ಕಾರ್ಡು ಹಾಕಿದೆ. “ಕೊಂದವನು ಯಾರು? ತಕ್ಷಣ ಬರಿ. ಅಪ್ಪನ ಕಣ್ಣಿನ ವಿಚಾರ.”

ಆಮೇಲಿನ ದಿನಗಳೆಲ್ಲ ಹೀಗೆಯೇ. ನಾನು ವಾರ್ಡಿಗೆ ಕಾಲಿಟ್ಟರೆ ಸಾಕು, ಚಪ್ಪಲಿ ಸದ್ದಿಗೆ ಗುರುತು ಹಿಡಿದು ಪಿಳ್ಳೆಯವರು, “ಮೋಳೇ, ಕಾರ್ಡ್ ವನ್ನೋ?” ಎನ್ನುತ್ತಿದ್ದರು. ಬಂದಿಲ್ಲ ಅಂದರೆ, “ಸಾರ್‌ಗೆ ಇನ್ನೊಂದು ದಿನ ಮರ್ಯಾದೆ ಉಳಿಯಿತು” ಎಂದು ಛೇಡಿಸುವರು. ಅಪ್ಪ ರೇಗುವರು. ರೇಗಿ, ಯೋಚಿಸಿ, ಡಾಕ್ಟರ ಮೇಲೆ ಹೊಸ ಸಾಕ್ಷಿ ಹುಡುಕುವರು. ಮರಳಿನ ಚೀಲದ ನಡುವೆ ಆ ತಲೆ ಮಾತ್ರ ಅಲುಗಲಿಲ್ಲ.

ಒಂದು ಬೆಳಿಗ್ಗೆ ಮನೆ ಬಾಗಿಲಲ್ಲೇ ಅಕ್ಕನ ಕಾರ್ಡು ಸಿಕ್ಕಿತು. “ಕೊನೇ ಹಾಳೆಗಳಲ್ಲಿ ನನ್ನ ಮಗರಾಯ ದೋಣಿ ಮಾಡಿ ಚರಂಡಿಗೆ ಬಿಟ್ಟಿದ್ದಾನೆ, ತಿಥಿ ಮಾಡಿದೀನಿ. ಕೊಂದವನು ಡಾಕ್ಟರು. ಔಷಧಿ ಸೀಸೆಯಲ್ಲಿ ವಿಷ. ಅಪ್ಪನಿಗೆ ಅಲುಗಬೇಡಿ ಅಂತ ಹೇಳು.” ನಾನು ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ಒಬ್ಬಳೇ ನಗುತ್ತಾ ಹೋದೆ.

ವಾರ್ಡಿನ ಬಾಗಿಲಲ್ಲಿ ಆ ದಿನ ಯಾರೂ ಕಾರ್ಡು ಕೇಳಲಿಲ್ಲ. ಪಿಳ್ಳೆಯವರ ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿತ್ತು. ಭಾರ್ಗವಿ ಅಮ್ಮ ಮಂಚದ ತುದಿಯಲ್ಲಿ ಕೂತು ಅವರ ಟವೆಲನ್ನು ಮಡಿಸುತ್ತಿದ್ದರು. ಮನೆಗೆ ಕಳಿಸಿರಬೇಕು ಎಂದುಕೊಂಡೆ. “ಪಿಳ್ಳೆ ಸಾರ್ ಎವಿಡೆ? ಕಾರ್ಡ್ ವನ್ನು!” ಎಲ್ಲಿ ಅವರು, ಕಾರ್ಡು ಬಂತು ಎಂದು ಎತ್ತಿ ತೋರಿಸಿದೆ.

ಅವರು ತಲೆಯೆತ್ತಿ, “ಮರಿಚ್ಚು ಪೋಯಿ, ಮೋಳೇ” ಅಂದರು.

ನಮ್ಮ ಹಾಲಿನವಳು ವಾರಕ್ಕೊಮ್ಮೆಯಾದರೂ “ಮರನ್ನು ಪೋಯಿ” ಎನ್ನುತ್ತಿದ್ದಳು. ಮರೆತು ಹೋಯಿತು ಎಂದು. ನನ್ನ ಕಿವಿಗೆ ಅದೇ ಬಿತ್ತು. ಇಷ್ಟು ದಿನ ಕಾರ್ಡು ಕಾರ್ಡು ಎಂದು ಪ್ರಾಣ ತಿಂದವರು ಹೊರಡುವಾಗ ಮರೆತೇ ಹೋದರಾ? ನಾನು ನಕ್ಕು, ನನಗೆ ಬರುತ್ತಿದ್ದ ಚೆಂದದ ಮಲಯಾಳದಲ್ಲಿ ಹೇಳಿದೆ, “ಸಾರಮಿಲ್ಲ!” ಸಾರಮಿಲ್ಲ ಎಂದರೆ ಪರವಾಗಿಲ್ಲ.

ಅತ್ತಕಡೆಯ ಮಂಚದವರ ಮಗ ನನ್ನನ್ನೇ ದುರುದುರು ನೋಡಿದ. ಆಗ ಅಪ್ಪ, ತಲೆಯನ್ನು ಇದ್ದಲ್ಲೇ ಇಟ್ಟುಕೊಂಡು, ಒಣಗಿದ ದನಿಯಲ್ಲಿ ಹೇಳಿದರು. “ಸರಸೂ, ಬಾಯಿ ಮುಚ್ಚೇ. ಅವರು ತೀರ್ಕೊಂಡ್ರು. ಬೆಳಗಿನ ಜಾವ ಎದೆನೋವು ಅಂದ್ರು, ಅಷ್ಟೇ. ನಿನ್ ಗಂಡ ಅವರ ಜನಕ್ಕೆ ತಂತಿ ಕೊಡಕ್ಕೆ ಹೋಗಿದಾನೆ. ನಂಗೆ ಆ ಕಡೆ ತಿರುಗಕ್ಕೂ ಆಗ್ಲಿಲ್ಲವಲ್ಲೇ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡ ಸತ್ತ ಎಂದವರಿಗೆ ನಾನು ನಗುತ್ತಾ ಪರವಾಗಿಲ್ಲ ಎಂದಿದ್ದೆ. ಭಾರ್ಗವಿ ಅಮ್ಮನ ಕಾಲ ಹತ್ತಿರ ಕುಸಿದೆ. ಕ್ಷಮೆ ಕೇಳುವುದಕ್ಕೆ ಮಲಯಾಳದಲ್ಲಿ ಒಂದು ಪದವೂ ಬರಲಿಲ್ಲ, ಕನ್ನಡದಲ್ಲೇ ಏನೇನೋ ಬಡಬಡಿಸಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಮೋಳ್ಕ್ ಅರಿಯಿಲ್ಲಲ್ಲೋ” ಅಂದರು. ನಿನಗೆ ಗೊತ್ತಿರಲಿಲ್ಲವಲ್ಲ, ಎಂದು. ತಾಳಿ ಕಳೆದುಕೊಂಡ ಹೆಂಗಸು ನನ್ನನ್ನು ಸಮಾಧಾನ ಮಾಡುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಕಾರ್ಡಿನ ಮೇಲೆ ಬಿತ್ತು. “ಆರಾ ಕೊನ್ನದ್?” ಎಂದು ಕೇಳಿದರು. ಕೊಂದವರು ಯಾರು, ಎಂದು.

ಅಕ್ಕನ ದುಂಡನೆಯ ಅಕ್ಷರದಲ್ಲಿ ಡಾಕ್ಟರು ಎಂದಿತ್ತು. ನಾನು ಕಾರ್ಡು ನೋಡುತ್ತಲೇ, “ಮರುಮಗನ್” ಅಂದೆ. ಭಾರ್ಗವಿ ಅಮ್ಮ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ತುಟಿಯ ಮೇಲೆ ನಗುವಿನಂಥದ್ದು ಬಂತು. ಆಮೇಲೆ ಟವೆಲನ್ನು ಬಾಯಿಗೆ ಒತ್ತಿಕೊಂಡು, ಬೆಳಗಿನಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತರು.

ಕಟ್ಟು ಬಿಚ್ಚಿದ ದಿನ ಅಪ್ಪ ಮೊದಲು ಕಂಡದ್ದು ನನ್ನ ಹಸಿರು ಬಳೆಯನ್ನು. ಕಣ್ಣು ಉಳಿದಿತ್ತು. ಓದಲು ಅಪ್ಪಣೆ ಸಿಕ್ಕಿದ ದಿನ ಮನೆಯಲ್ಲಿ ಅದೇ ಪುಸ್ತಕ ತೆಗೆದರು. ಅದರೊಳಗೆ ನಾನು ಇಟ್ಟು ಮರೆತಿದ್ದ ಕಾರ್ಡಿತ್ತು. ಓದಿ, ನನ್ನನ್ನು ಕರೆದರು.

“ಅವತ್ತು ನೀನು ಅಳಿಯ ಅಂದೆ.”

“ಹೌದಪ್ಪ.”

ಬೈಯುತ್ತಾರೆ ಎಂದು ನಿಂತಿದ್ದೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡು, “ಆ ತಾಯಿಗೆ ಅಳಿಯ ಅಂದ್ಮೇಲೆ ನಾನು ಸೋತಂಗೇ, ಮಾತು ಅಂದ್ಮೇಲೆ ಮಾತು. ಅವರ ಅಕ್ಷರ ನಂಗೆ ಯಾರು ಹೇಳ್ಕೊಡ್ತಾರೆ?” ಎಂದರು. ಮನೆಯ ಮಾಲೀಕರ ಹೆಂಡತಿ ಒಂದನೇ ಕ್ಲಾಸಿನ ಪುಸ್ತಕ ಕೊಟ್ಟರು. ಜಿಲೇಬಿಯಂಥ ಆ ಅಕ್ಷರಗಳನ್ನು ಅಪ್ಪ ಸ್ಲೇಟಿನ ಮೇಲೆ ತಿದ್ದಿದರು. ಕಣ್ಣಿಗೆ ಆಯಾಸ ಬೇಡ ಎಂದರೆ ಕೇಳುತ್ತಿರಲಿಲ್ಲ. ಕಡೆಗೊಂದು ದಿನ ಕಾರ್ಡು ಬರೆದರು. ಟಪಾಲಿನವರಲ್ಲವೇ, ಮೊದಲು ವಿಳಾಸ, ಆಮೇಲೆ ಒಕ್ಕಣೆ. “ಪಿಳ್ಳೆ ಸಾರ್ ಜಯಿಚ್ಚು. ಞಾನ್ ತೋಟ್ಟು.” ಪಿಳ್ಳೆಯವರು ಗೆದ್ದರು, ನಾನು ಸೋತೆ.

ಕಾರ್ಡಿಗೆ ಉತ್ತರ ಬರಲಿಲ್ಲ. ಒಂದು ಮಧ್ಯಾಹ್ನ ಭಾರ್ಗವಿ ಅಮ್ಮನೇ ಬಂದರು. ಆಸ್ಪತ್ರೆಯಿಂದ ಯಾವುದೋ ಸರ್ಟಿಫಿಕೇಟು ಬೇಕಾಗಿತ್ತಂತೆ. ಮೊದಲು ಅಪ್ಪನ ಹತ್ತಿರ ಹೋಗಿ ಬಗ್ಗಿ ಅವರ ಕಣ್ಣನ್ನು ನೋಡಿದರು. ಆಮೇಲೆ ಸೆರಗಿನ ಗಂಟಿನಿಂದ ಆ ಕಾರ್ಡು ತೆಗೆದು, “ಇದಿಲುಳ್ಳದ್ ಕಳ್ಳಮಾಣ್, ಅಲ್ಲೇ?” ಎಂದರು. ಅಷ್ಟರಲ್ಲಿ ನಾನು ಕಲಿತಿದ್ದೆ, ಅವರಲ್ಲಿ ಕಳ್ಳಂ ಎಂದರೆ ಸುಳ್ಳು.

ಭಾರ್ಗವಿ ಅಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ನನಗೆ ತಿಳಿಯುವಂತೆ ಒಂದೊಂದೇ ಮಾತು ನಿಧಾನವಾಗಿ ಹೇಳಿದರು. ಪಿಳ್ಳೆಯವರಿಗೆ ಡಾಕ್ಟರೇ ಕೊಂದವನು ಎಂದು ಯಾವತ್ತೋ ತಿಳಿದಿತ್ತಂತೆ. ಔಷಧಿ ಸೀಸೆಯ ಮಾತು ಬಂದ ದಿನವೇ ಹೆಂಡತಿಯ ಹತ್ತಿರ, “ಸಾರ್ ಪರಞ್ಞದಾ ಶರಿ” ಎಂದಿದ್ದರಂತೆ. ಸಾರ್ ಹೇಳಿದ್ದೇ ಸರಿ. “ಮತ್ತೆ ಒಪ್ಪಿಕೊಳ್ಳಬಾರದೇ, ಯಾಕೆ ಅವರನ್ನು ರೇಗಿಸುತ್ತೀರಿ” ಎಂದು ಇವರು ಕೇಳಿದ್ದಕ್ಕೆ ಪಿಳ್ಳೆಯವರು ಹೇಳಿದ್ದಿಷ್ಟು: “ತಲೆ ಎತ್ತಬಾರದು ಎಂದು ಇಲ್ಲಿಯ ಡಾಕ್ಟರು ಹೇಳಿದ್ದು ಕೇಳಲಿಲ್ಲವಾ? ನಾನು ಒಪ್ಪಿಕೊಂಡರೆ ಸಾರ್‌ಗೆ ಯೋಚಿಸಲು ಏನೂ ಉಳಿಯುವುದಿಲ್ಲ, ಎದ್ದು ಕೂತುಬಿಡುತ್ತಾರೆ. ಕಟ್ಟು ಬಿಚ್ಚುವವರೆಗೂ ನನ್ನದು ಮರುಮಗನೇ.”

ಅಪ್ಪ ತಲೆ ತಗ್ಗಿಸಿದರು. ಉಳಿದ ಆ ಒಂದು ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾನು ಒರೆಸಲು ಹೋದರೆ ಕೈ ತಳ್ಳಿದರು. ಭಾರ್ಗವಿ ಅಮ್ಮ ನಾನು ಕೊಟ್ಟ ಕಾಫಿ ಕುಡಿದರು. ಹೊರಡುವಾಗ ಕಾರ್ಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಸುಳ್ಳಾದರೂ ಅದು ತಮಗೆ ಬೇಕು, ಎಂದರು.

ಅಪ್ಪ ಕೊನೆಯವರೆಗೂ ಆ ಕಣ್ಣಿನಲ್ಲಿ ಓದಿದರು. ಪತ್ತೇದಾರಿ ಓದುವಾಗ ಕೊಲೆಗಾರ ಯಾರೆಂದು ಹೊಳೆದರೂ ನಮ್ಮ ಹತ್ತಿರ ಹೇಳುತ್ತಿರಲಿಲ್ಲ. ಕೇಳಿದರೆ “ಅಳಿಯ” ಎನ್ನುತ್ತಿದ್ದರು.

ನನಗೆ ಈಗ ಮಲಯಾಳ ಚೆನ್ನಾಗಿ ಬರುತ್ತದೆ. ಆ ಎರಡು ಮಾತುಗಳು ನನಗೆ ಮತ್ತೆಂದೂ ಕಲಸಿಹೋಗಿಲ್ಲ. ಪಿಳ್ಳೆ ಸಾರ್ ಮರಿಚ್ಚು. ಅವರ ವಿಷಯದಲ್ಲಿ ಮರನ್ನು ಎಂಬ ಮಾತು ನನ್ನ ಬಾಯಲ್ಲಿ ಇದುವರೆಗೂ ಬಂದಿಲ್ಲ.